ಆಷಾಢದ ಗಾಳಿಯಲ್ಲಿ ಸಣ್ಣ ವಿಮಾನ: ಹಾಸನದ ಕಡೆ ಹಾರುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮಪ್ಪ ಕಣದಲ್ಲಿ ರಾಗಿ ತೂರುವ ಮೊದಲು ಒಂದು ಹಿಡಿ ಹೊಟ್ಟು ತೆಗೆದು ಮೇಲಕ್ಕೆ ಎಸೆಯುತ್ತಿದ್ದರು. ಅದು ಎತ್ತ ಹೋಯಿತು, ಎಷ್ಟು ದೂರ ಬಿತ್ತು, ಗಾಳಿ ಒಂದೇ ಸಮ ಬೀಸುತ್ತಿದೆಯೋ ಬಿಟ್ಟು ಬಿಟ್ಟು ನುಗ್ಗುತ್ತಿದೆಯೋ ಎಂದು ನೋಡಿಕೊಂಡೇ ಮೊರ ಎತ್ತುವುದು. ಬಿಟ್ಟು ಬಿಟ್ಟು ಬೀಸುವ ಗಾಳಿಯಾದರೆ ಮೊರ ಕೆಳಗಿಟ್ಟು ಬೀಡಿ ಹಚ್ಚುವರು. ಮೂವತ್ತು ವರ್ಷದ ನಂತರ ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡಿನಲ್ಲಿ ನನ್ನ ಇನ್‌ಸ್ಟ್ರಕ್ಟರ್ ಸಾಹೇಬರು ಎರಡು ತಿಂಗಳು ಕಲಿಸಿದ್ದೂ ಹೆಚ್ಚುಕಡಿಮೆ ಇಷ್ಟನ್ನೇ. ವ್ಯತ್ಯಾಸವೆಂದರೆ ಅವರು ಬೀಡಿ ಸೇದುತ್ತಿರಲಿಲ್ಲ, ಬೈಯುತ್ತಿದ್ದರು.

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದ ಮೇಲೆ ನಮ್ಮ ಜಿಲ್ಲೆಗೆ ವಿಮಾನದ ಮಾತು ಹೊಸದಲ್ಲ. ಆದರೂ ‘ಖಾಸಗಿ ಪೈಲಟ್ ಲೈಸೆನ್ಸ್ ತೆಗೆದುಕೊಂಡಿದ್ದೇನೆ’ ಅಂದರೆ ಹಾಸನದ ಹೋಟೆಲಿನಲ್ಲಿ ಈಗಲೂ ಕಾಫಿ ಲೋಟ ಅರ್ಧದಲ್ಲಿ ನಿಲ್ಲುತ್ತದೆ. ಲೈಸೆನ್ಸಿಗೆ 17 ವರ್ಷ ತುಂಬಿರಬೇಕು, ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆ ಪಾಸಾಗಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಆ ನಲವತ್ತು ಗಂಟೆಯಲ್ಲಿ ಬಹುಪಾಲು ಬೆಳಗಿನ ತಣ್ಣನೆಯ, ಎಲೆ ಅಲ್ಲಾಡದ ಗಾಳಿಯಲ್ಲೇ ಕಳೆದುಹೋಗುತ್ತದೆ. ನಿಜವಾದ ಗಾಳಿ ಎದುರಾಗುವ ಹೊತ್ತಿಗೆ ಪಕ್ಕದ ಸೀಟಿನಲ್ಲಿ ಬೈಯುವವರು ಇರುವುದಿಲ್ಲ. ಲೈಸೆನ್ಸ್ ಕೈಗೆ ಬಂದವರಿಗೆ, ಬರುವ ಹಾದಿಯಲ್ಲಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೆ ಗಾಳಿಯ ದಿನವೊಂದನ್ನು ಆರಿಸಿ, ಇನ್‌ಸ್ಟ್ರಕ್ಟರನ್ನು ಕೂರಿಸಿಕೊಂಡೇ ಮೊದಲ ಸಲ ಪ್ರಯತ್ನಿಸಿ.

ನಾನು ಉದಾಹರಣೆಗೆ ಇಟ್ಟುಕೊಂಡಿರುವುದು ಸೆಸ್ನಾ 172. ನಾಲ್ಕು ಸೀಟು, ಒಂದು ಎಂಜಿನ್. ಖಾಲಿ ವಿಮಾನದ ತೂಕ ಹತ್ತಿರಹತ್ತಿರ ಹಳೇ ಆಲ್ಟೊ ಕಾರಿನಷ್ಟು. ಆದರೆ ರೆಕ್ಕೆ ಈ ತುದಿಯಿಂದ ಆ ತುದಿಗೆ 36 ಅಡಿ. ಆಲ್ಟೊ ಕಾರಿಗೆ 36 ಅಡಿಯ ಹಲಗೆ ಕಟ್ಟಿ ಬಯಲಲ್ಲಿ ನಿಲ್ಲಿಸಿದ ಹಾಗೆ. ಗಾಳಿಗೆ ಅದು ಏಕೆ ಅಷ್ಟು ಸುಲಭದ ತುತ್ತು ಎನ್ನುವುದಕ್ಕೆ ಬೇರೆ ವಿವರಣೆ ಬೇಡ.

ಮೊದಲ ಹೆಜ್ಜೆ: ಮನೆಯಲ್ಲೇ ಗಾಳಿಯನ್ನು ಓದುವುದು

ಗಾಳಿಯನ್ನು ಮೂರು ಕಡೆ ನೋಡಬೇಕು: ನೆಲದ ಮೇಲೆ, ನೀವು ಹಾರುವ ಎತ್ತರದಲ್ಲಿ, ದಾರಿಯಲ್ಲಿರುವ ಗುಡ್ಡದ ನೆತ್ತಿಯಲ್ಲಿ. ಮೂರೂ ಬೇರೆ ಬೇರೆ ಇರುತ್ತವೆ.

ನೆಲದ್ದಕ್ಕೆ ಮೆಟಾರ್ ಇದೆ, ಅಂದರೆ ವಿಮಾನ ನಿಲ್ದಾಣಗಳ ಹವಾಮಾನ ವರದಿ. ಬೆಂಗಳೂರು, ಮೈಸೂರು, ಮಂಗಳೂರು ಮೂರರದ್ದೂ ತೆಗೆದು ನೋಡಿ. ಮುಂಗಾರಿನಲ್ಲಿ ನಮಗೆ ಬರುವುದೆಲ್ಲ ಪಡುವಣದಿಂದ, ಹಾಗಾಗಿ ಮಂಗಳೂರಿನದು ನಮಗೆ ಮುಂಚೂಣಿ ಸುದ್ದಿ. ‘22015ಜಿ25ಕೆಟಿ’ ಎಂದಿದ್ದರೆ ಗಾಳಿ 220 ಡಿಗ್ರಿಯಿಂದ, ಅಂದರೆ ನೈಋತ್ಯದಿಂದ, 15 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್) ವೇಗದಲ್ಲಿ ಬೀಸುತ್ತಿದೆ, ನಡುನಡುವೆ 25 ನಾಟ್‌ವರೆಗೆ ನುಗ್ಗುತ್ತಿದೆ ಎಂದರ್ಥ. ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ನುಗ್ಗು ಸರಾಸರಿಗಿಂತ 10 ನಾಟ್ ಅಥವಾ ಹೆಚ್ಚು ಇದ್ದರೆ ಮಾತ್ರ ಮೆಟಾರಿನಲ್ಲಿ ‘ಜಿ’ ಬರುತ್ತದೆ. ಎಂಟು ನಾಟ್ ಏರಿಳಿತ ಇದ್ದರೂ ಕಾಗದದ ಮೇಲೆ ಗಾಳಿ ಸಾಧುವಾಗಿಯೇ ಕಾಣುತ್ತದೆ. ‘ಜಿ’ ಇಲ್ಲ ಎಂದು ನಿರಾಳವಾಗಬೇಡಿ.

ಮೇಲಿನ ಗಾಳಿಯ ಕಥೆ ನಮ್ಮ ಭಾಗಕ್ಕೆ ವಿಶೇಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಮೇಲಿಂದ ದಕ್ಷಿಣ ಭಾರತವನ್ನು ಹಾದುಹೋಗುವ ಮುಂಗಾರಿನ ಗಾಳಿಹೊಳೆ ಅತಿ ಜೋರಾಗಿರುವುದು ಸಮುದ್ರಮಟ್ಟದಿಂದ ಸುಮಾರು 1.5 ಕಿಲೋಮೀಟರ್ ಎತ್ತರದಲ್ಲಿ. ಅಡಿಯಲ್ಲಿ ಹೇಳಿದರೆ 5,000. ಹಾಸನದ ನೆಲವೇ 3,100 ಅಡಿ ಆಸುಪಾಸಿನಲ್ಲಿದೆ. ಅದರ ಮೇಲೆ ಸಣ್ಣ ವಿಮಾನ ಸಹಜವಾಗಿ ಹಾರುವ ಎತ್ತರವೂ ಅದೇ 5,000 ಅಡಿ. ಅಂದರೆ ಹೊಳೆಯ ಸೆಳವು ಎಲ್ಲಿ ಹೆಚ್ಚೋ ಅಲ್ಲೇ ನಮ್ಮ ದೋಣಿ. ಜಕ್ಕೂರಿನ ನೆಲದಲ್ಲಿ 12 ನಾಟ್ ಇದ್ದಾಗ ಮೇಲೆ 30, 35 ಇದ್ದರೆ ಆಶ್ಚರ್ಯಪಡಬೇಕಿಲ್ಲ.

ಏಪ್ರಿಲ್, ಮೇ ತಿಂಗಳದ್ದು ಇನ್ನೊಂದು ಬಗೆ. ಬೆಳಿಗ್ಗೆ ಗಾಳಿಯೇ ಇರುವುದಿಲ್ಲ, ಮಧ್ಯಾಹ್ನ ಭರಣಿ ಮಳೆಯ ಗುಡುಗು ಮೋಡ ಕಟ್ಟುತ್ತದೆ. ಆ ಮೋಡದಿಂದ ಕೆಳಕ್ಕೆ ಸುರಿದ ತಣ್ಣನೆ ಗಾಳಿ ಮಳೆಗಿಂತ ಬಹಳ ಮೊದಲೇ ಧೂಳೆಬ್ಬಿಸಿಕೊಂಡು ಬಂದು, ಎರಡು ನಿಮಿಷದಲ್ಲಿ ದಿಕ್ಕನ್ನೇ ತಿರುಗಿಸಿಬಿಡುತ್ತದೆ. ಇದಕ್ಕೆ ಕೌಶಲದ ಉತ್ತರ ಇಲ್ಲ. ಗುಡುಗು ಮೋಡದಿಂದ 20 ಮೈಲಿ ದೂರ ಇರುವುದು, ಹತ್ತು ಗಂಟೆಯೊಳಗೆ ಹಾರಿ ಮುಗಿಸುವುದು, ಅಷ್ಟೇ.

ಎರಡನೇ ಹೆಜ್ಜೆ: ಅಡ್ಡಗಾಳಿಯ ಲೆಕ್ಕ

ಎದುರುಗಾಳಿ ಪೈಲಟ್‌ನ ಗೆಳೆಯ. ತೊಂದರೆ ಕೊಡುವುದು ರನ್‌ವೇಗೆ ಅಡ್ಡವಾಗಿ ಬರುವ ಪಾಲು. ಅದನ್ನು ತೆಗೆಯಲು ಕ್ಯಾಲ್ಕುಲೇಟರ್ ಬೇಡ, ಕೈಗಡಿಯಾರ ಸಾಕು. ರನ್‌ವೇಗೂ ಗಾಳಿಗೂ ನಡುವಿನ ಕೋನವನ್ನು ನಿಮಿಷ ಎಂದುಕೊಳ್ಳಿ. 15 ಡಿಗ್ರಿ ಅಂದರೆ ಕಾಲು ಗಂಟೆ, ಗಾಳಿಯ ಕಾಲುಭಾಗ ಅಡ್ಡ. 30 ಆದರೆ ಅರ್ಧ. 45 ಆದರೆ ಮುಕ್ಕಾಲು. 60 ದಾಟಿತೋ, ಪೂರ್ತಿ ಗಾಳಿ ಅಡ್ಡವೇ ಎಂದು ಹಿಡಿಯಿರಿ.

ಜಕ್ಕೂರಿನ ರನ್‌ವೇ 08/26. ಪಡುವಣಕ್ಕೆ ಮುಖ ಮಾಡಿದ 26ರ ದಿಕ್ಕು 260 ಡಿಗ್ರಿ. ಮೇಲಿನ ಉದಾಹರಣೆಯ ಗಾಳಿ 220ರಿಂದ. ನಡುವೆ 40 ಡಿಗ್ರಿ, ಅಂದರೆ ಗಂಟೆಯ ಮೂರನೇ ಎರಡು ಭಾಗ. 15 ನಾಟ್‌ನಲ್ಲಿ 10 ಅಡ್ಡಗಾಳಿ. ಸಲೀಸು ಅನ್ನಿಸುತ್ತದಲ್ಲವೇ? ಈಗ 25ಕ್ಕೆ ಲೆಕ್ಕ ಹಾಕಿ: 17ರ ಹತ್ತಿರ ಬಂತು. ಸೆಸ್ನಾ 172ರ ಕೈಪಿಡಿಯಲ್ಲಿ ಬರೆದಿರುವ ಅಡ್ಡಗಾಳಿ 15 ನಾಟ್, ಅದರ ತಮ್ಮ 152ರದ್ದು 12. ಇದು ಕಾನೂನಿನ ಗಡಿಯಲ್ಲ. ಪರೀಕ್ಷಾ ಪೈಲಟ್ ಅಷ್ಟರಲ್ಲಿ ಇಳಿಸಿ ತೋರಿಸಿದ್ದಾನೆ ಎಂದಷ್ಟೇ ಅರ್ಥ. ಆದರೆ ಆತ ಪರೀಕ್ಷಾ ಪೈಲಟ್, ನಾವು ಭಾನುವಾರದ ಪೈಲಟ್‌ಗಳು.

ಆದ್ದರಿಂದ ನಿಮ್ಮದೇ ಒಂದು ಅಂಕಿ ಇರಲಿ, ಅದನ್ನು ಸರಾಸರಿಗೆ ಹೋಲಿಸದೆ ನುಗ್ಗಿಗೆ ಹೋಲಿಸಿ. ಹೊಸ ಲೈಸೆನ್ಸಿನವರಿಗೆ ಅಡ್ಡಗಾಳಿ 8 ನಾಟ್ ಸಾಕೆಂದು ನನ್ನ ಅಭಿಪ್ರಾಯ. ನನ್ನ ಮಿತಿ ಈಗ 12. ಎರಡು ತಿಂಗಳು ಹಾರದೇ ಇದ್ದರೆ ಮತ್ತೆ 8ಕ್ಕೆ ಇಳಿಸುತ್ತೇನೆ. ಈ ಅಂಕಿಯನ್ನು ಮನೆಯಲ್ಲಿ, ಕಾಗದದ ಮೇಲೆ ಬರೆಯಿರಿ. ಏರ್‌ಫೀಲ್ಡಿಗೆ ಹೋಗಿ, ದುಡ್ಡು ಕಟ್ಟಿ, ಜೊತೆಗೆ ಭಾವಮೈದುನನನ್ನೂ ಕರೆದುಕೊಂಡು ಬಂದ ಮೇಲೆ ತೆಗೆದುಕೊಳ್ಳುವ ತೀರ್ಮಾನ ತೀರ್ಮಾನವೇ ಅಲ್ಲ.

ಮೂರನೇ ಹೆಜ್ಜೆ: ಪೆಟ್ರೋಲು, ಹೊತ್ತು

ಜಕ್ಕೂರಿನಿಂದ ಹಾಸನದ ನೆತ್ತಿಗೆ ನೇರ ದಾರಿ ಸುಮಾರು 90 ನಾಟಿಕಲ್ ಮೈಲಿ, ಹೆಚ್ಚುಕಡಿಮೆ ನೇರ ಪಡುವಣಕ್ಕೆ. ವಿಮಾನದ ವೇಗ 100 ನಾಟ್ ಎಂದುಕೊಂಡರೆ ಗಾಳಿಯಿಲ್ಲದ ದಿನ ಹೋಗಲು 54 ನಿಮಿಷ, ಬರಲು 54, ಒಟ್ಟು 108. ಈಗ 25 ನಾಟ್ ಪಡುವಣ ಗಾಳಿ ಸೇರಿಸಿ. ಹೋಗುವಾಗ 72 ನಿಮಿಷ, ಬರುವಾಗ 43. ಒಟ್ಟು 115. ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ ಎನ್ನುವುದು ಸುಳ್ಳು, ಏಕೆಂದರೆ ಎದುರುಗಾಳಿಯಲ್ಲಿ ನೀವು ಹೆಚ್ಚು ಹೊತ್ತು ಇರುತ್ತೀರಿ. ಹೋಗಿಬರುವ ಒಟ್ಟು ಲೆಕ್ಕದಲ್ಲಿ ಗಾಳಿ ಸುಂಕ ವಸೂಲಿ ಮಾಡಿಯೇ ಮಾಡುತ್ತದೆ. ಗಂಟೆಗೆ ಸುಮಾರು 35 ಲೀಟರ್ ಕುಡಿಯುವ ಎಂಜಿನ್‌ಗೆ ಗಾಳಿಯ ದಿನ ನಾನು ಲೆಕ್ಕಕ್ಕಿಂತ ಒಂದು ಗಂಟೆಯ ಪೆಟ್ರೋಲು ಹೆಚ್ಚಿಗೆ ಹಾಕಿಸುತ್ತೇನೆ. ಇನ್ನುಳಿದ ಫ್ಲೈಟ್ ಪ್ಲಾನ್, ವಾಯುಪಡೆಯ ಅನುಮತಿಯಾದ ಎಡಿಸಿ ಸಂಖ್ಯೆ, ವಿಮಾನ ಮಾಹಿತಿ ಕೇಂದ್ರದ ಎಫ್‌ಐಸಿ ಸಂಖ್ಯೆ ಎಂದಿನಂತೆಯೇ.

ನಾಲ್ಕನೇ ಹೆಜ್ಜೆ: ಏರ್‌ಫೀಲ್ಡಿನಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲುವುದು

ವಿಂಡ್‌ಸಾಕ್, ಅಂದರೆ ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲ, ನೋಡುತ್ತಾ ನಿಲ್ಲಿ. ಸಾಮಾನ್ಯವಾಗಿ 15 ನಾಟ್ ಹೊತ್ತಿಗೆ ಅದು ಪೂರ್ತಿ ಸೆಟೆದು ಅಡ್ಡಕ್ಕೆ ನಿಲ್ಲುತ್ತದೆ. ಅದರ ಮೇಲೆ 20 ಇದ್ದರೂ 30 ಇದ್ದರೂ ಹಾಗೆಯೇ ಕಾಣುತ್ತದೆ. ಸೆಟೆದದ್ದು ಕುಸಿದು ಮತ್ತೆ ಸೆಟೆಯುತ್ತಿದೆಯೋ, ಬಾಲ ಹಾವಿನಂತೆ ಹೊರಳುತ್ತಿದೆಯೋ ಎನ್ನುವುದೇ ಮುಖ್ಯ. ಅಪ್ಪನ ಹೊಟ್ಟಿನ ಹಿಡಿ ಇದೇ. ಹ್ಯಾಂಗರ್‌ಗಳ ಮರೆಯಲ್ಲಿ ರನ್‌ವೇಯ ಯಾವ ತುಂಡು ಬೀಳುತ್ತದೆ ಎಂದೂ ಗಮನಿಸಿ. ಕಟ್ಟಡದ ಮರೆ ದಾಟಿ ಬಯಲಿಗೆ ಬಂದ ಕೂಡಲೇ ವಿಮಾನಕ್ಕೆ ಪಕ್ಕದಿಂದ ಯಾರೋ ಭುಜ ಕೊಟ್ಟಂತಾಗುತ್ತದೆ.

ಬಾಗಿಲು ತೆಗೆಯುವಾಗ ಕೈ ಬಿಡಬೇಡಿ. ಹಿಂದಿನಿಂದ ಬಂದ ಗಾಳಿ ಸೆಸ್ನಾದ ಬಾಗಿಲನ್ನು ಕೀಲು ಸಮೇತ ಮುರಿದ ಉದಾಹರಣೆಗಳಿವೆ.

ಐದನೇ ಹೆಜ್ಜೆ: ನೆಲದ ಮೇಲೆ ಉರುಳುವಾಗ

ಟ್ಯಾಕ್ಸಿ ಮಾಡುವಾಗ ಯೋಕ್ (ಕಾರಿನ ಸ್ಟಿಯರಿಂಗಿನಂಥ ಹಿಡಿಕೆ) ಹಿಡಿದು ಮಾಡುವುದೇನಿದೆ ಎಂದು ಕಾಫಿ ಕಪ್ ಹಿಡಿದಂತೆ ಕೂರುವವರಿದ್ದಾರೆ. ಗಾಳಿಯ ದಿನ ವಿಮಾನ ನಿಂತಿದ್ದರೂ ಅದರ ರೆಕ್ಕೆಗಳ ಪಾಲಿಗೆ ಅದು ಹಾರುತ್ತಲೇ ಇರುತ್ತದೆ. ನಮ್ಮ ಸಾಹೇಬರು ಕೊಟ್ಟ ಸೂತ್ರ ಹೀಗಿತ್ತು: ‘ಎದುರು ಬಂದವನ ಕಡೆ ತಿರುಗು, ಹಿಂದಿನಿಂದ ಬಂದವನಿಗೆ ಬೆನ್ನು ಮಾಡಿ ತಲೆ ಬಗ್ಗಿಸು.’ ಗಾಳಿ ಎಡ ಮುಂದಿನಿಂದ ಬರುತ್ತಿದ್ದರೆ ಯೋಕನ್ನು ಎಡಕ್ಕೆ ತಿರುಗಿಸಿ, ಮುಂದೆ ಹಿಂದೆ ಮಾಡದೆ ಮಧ್ಯದಲ್ಲಿಡಿ. ಎಡ ಹಿಂದಿನಿಂದ ಬರುತ್ತಿದ್ದರೆ ಯೋಕನ್ನು ಬಲಕ್ಕೆ ತಿರುಗಿಸಿ ಮುಂದಕ್ಕೆ ತಳ್ಳಿ, ಬಾಲದಡಿಗೆ ಗಾಳಿ ಹೋಗದಿರಲಿ. ಟ್ಯಾಕ್ಸಿವೇ ತಿರುಗಿದಾಗಲೆಲ್ಲ ಕೈಯೂ ಬದಲಾಗಬೇಕು. ನಡಿಗೆಯ ವೇಗ ದಾಟಬೇಡಿ.

ಆರನೇ ಹೆಜ್ಜೆ: ಏರುವುದು

ಗಾಳಿ ಎಡದಿಂದ ಎಂದೇ ಇಟ್ಟುಕೊಳ್ಳೋಣ. ರನ್‌ವೇ ನಡುಗೆರೆಯಲ್ಲಿ ನಿಂತು ಐಲರಾನನ್ನು (ರೆಕ್ಕೆ ತುದಿಯ, ಯೋಕಿನಿಂದ ಆಡುವ ಪಟ್ಟಿ) ಪೂರ್ತಿ ಎಡಕ್ಕೆ ಹಾಕಿ, ಥ್ರಾಟಲ್ ಒಂದೇ ಸಮನೆ ತಳ್ಳಿ. ಬಾಲದ ಮೇಲೆ ಬಿದ್ದ ಗಾಳಿ ಮೂತಿಯನ್ನು ಎಡಕ್ಕೆ ತಿರುಗಿಸುತ್ತದೆ. ಪ್ರೊಪೆಲ್ಲರ್ ಕೂಡ ಎಡಕ್ಕೇ ಎಳೆಯುತ್ತದೆ. ಎರಡೂ ಒಂದೇ ಕಡೆ, ಹಾಗಾಗಿ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತುವ ಬಲಗಾಲಿಗೆ ದುಪ್ಪಟ್ಟು ಕೆಲಸ. ವೇಗ ಹೆಚ್ಚಿದಂತೆ ಐಲರಾನಿಗೆ ಬಲ ಬರುತ್ತದೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಆದರೆ ಪೂರ್ತಿ ಬಿಡಬೇಡಿ. ಎಂದಿನ 55 ನಾಟ್‌ಗೆ ಮೂತಿ ಎತ್ತುವ ಬದಲು 60ರವರೆಗೆ ನೆಲದಲ್ಲೇ ಇರಿಸಿ, ಆಮೇಲೆ ಅನುಮಾನವಿಲ್ಲದಂತೆ ಎತ್ತಿ. ಅರೆಮನಸ್ಸಿನಿಂದ ಎತ್ತಿದರೆ ನುಗ್ಗು ಬಿದ್ದಾಗ ವಿಮಾನ ಮತ್ತೆ ಕೂರುತ್ತದೆ, ಅಡ್ಡಡ್ಡವಾಗಿ. ಚಕ್ರಕ್ಕೂ ಕಾಲಿಗೂ ಆ ಹೊಡೆತ ತಡೆಯುವ ಶಕ್ತಿ ಇಲ್ಲ.

ನೆಲ ಬಿಟ್ಟ ಮೇಲೆ ಮೂತಿಯನ್ನು ಗಾಳಿಯ ಕಡೆ ತುಸು ತಿರುಗಿಸಿ, ರೆಕ್ಕೆ ಮಟ್ಟವಾಗಿರಲಿ. ವಿಮಾನ ಏಡಿಯ ಹಾಗೆ ಓರೆಯಾಗಿ ನೇರ ಹೋಗುತ್ತದೆ. ಮಳೆಗಾಲದಲ್ಲಿ ಹೇಮಾವತಿ ದಾಟುವ ತೆಪ್ಪದವನು ಆಚೆ ದಡದ ಕಲ್ಲಿಗೆ ಗುರಿ ಇಡುವುದಿಲ್ಲ, ಅದರ ಮೇಲುಹೊಳೆಗೆ ಗುರಿ ಇಡುತ್ತಾನೆ. ಅದೇ ಲೆಕ್ಕ.

ಒಂದು ಮಾತು ಎತ್ತರದ ಬಗ್ಗೆ. 30 ಡಿಗ್ರಿ ಬಿಸಿಲಿನ ದಿನ 3,100 ಅಡಿಯ ನೆಲ ಎಂಜಿನ್ನಿಗೂ ರೆಕ್ಕೆಗೂ 5,600 ಅಡಿಯಂತೆ ವರ್ತಿಸುತ್ತದೆ. ಏರುವ ಶಕ್ತಿ ಮೊದಲೇ ಕಡಿಮೆ. ಕೆಳಕ್ಕೆ ಒತ್ತುವ ಗಾಳಿಗೆ ಉತ್ತರ ಕೊಡಲು ಏನೂ ಉಳಿದಿರುವುದಿಲ್ಲ. ಗಾಳಿಯ ದಿನ ನಾಲ್ಕೂ ಸೀಟು ತುಂಬಿಸಬೇಡಿ.

ಏಳನೇ ಹೆಜ್ಜೆ: ದಾರಿಯಲ್ಲಿ, ಗುಡ್ಡದ ಹತ್ತಿರ

ಕುಲುಕಾಟ ಶುರುವಾದರೆ ವೇಗ ಇಳಿಸಿ. ಕುಲುಕಾಟದಲ್ಲಿ ದಾಟಬಾರದ ವೇಗದ ಮಿತಿ, 172ರ ಎಸ್ ಮಾದರಿಗೆ, ತುಂಬಿದಾಗ 105 ನಾಟ್, ಹಗುರವಾಗಿದ್ದಾಗ 90. ಹಗುರವಾದಷ್ಟೂ ಕಡಿಮೆ ಯಾಕೆಂದರೆ ಒಂದೇ ಹೊಡೆತ ಹಗುರ ವಿಮಾನವನ್ನು ಹೆಚ್ಚು ಎತ್ತಿ ಕುಕ್ಕುತ್ತದೆ. ಎತ್ತರವನ್ನು ಅಡಿ ಅಡಿಗೂ ಹಿಡಿಯಲು ಹೋಗಬೇಡಿ. ರೆಕ್ಕೆ ಮಟ್ಟವಿದ್ದರೆ ಸಾಕು, ನೂರಿನ್ನೂರು ಅಡಿ ಏರಿಳಿಯಲಿ.

ಕೆಳಗಿನ ಗಾಳಿ ತಿಳಿಯಲು ಗೊರೂರಿನ ಜಲಾಶಯಕ್ಕಿಂತ ಒಳ್ಳೆಯ ಉಪಕರಣ ಇಲ್ಲ. ಗಾಳಿ ಬರುವ ಕಡೆಯ ದಡದಲ್ಲಿ ಮರಗಳ ಮರೆಗೆ ನೀರು ಕನ್ನಡಿಯಂತೆ ನುಣುಪಾಗಿರುತ್ತದೆ, ಎದುರು ದಡದಲ್ಲಿ ಅಲೆ ಒಡೆಯುತ್ತಿರುತ್ತದೆ. ನಡುನೀರಿನಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಂಡರೆ ನೆಲದಲ್ಲಿ 10 ನಾಟ್ ದಾಟಿದೆ. ಹೊಲಗಳ ಮೇಲೆ ಓಡುವ ಮೋಡದ ನೆರಳು ಮೋಡದ ಎತ್ತರದ ಗಾಳಿಯನ್ನು ತೋರಿಸುತ್ತದೆ. ಎಂಜಿನ್ ನಿಂತರೆ ಈ ತಿಳಿವಳಿಕೆಯೇ ಜೀವ ಉಳಿಸುವುದು: 45 ನಾಟ್‌ನಲ್ಲಿ ನೆಲ ಮುಟ್ಟುವ ವಿಮಾನ 15 ನಾಟ್ ಎದುರುಗಾಳಿಯಲ್ಲಿ 30ಕ್ಕೆ ಉರುಳುತ್ತದೆ, ಹಿಂಗಾಳಿಯಲ್ಲಿ 60ಕ್ಕೆ. ವೇಗ ಎರಡರಷ್ಟು, ಹೊಡೆತದ ಶಕ್ತಿ ನಾಲ್ಕರಷ್ಟು. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ತೆಂಗಿನ ತೋಟ ಬಿಟ್ಟು ಬಯಲು ರಾಗಿ ಹೊಲವನ್ನು ಗಾಳಿಗೆ ಎದುರಾಗಿ ಆರಿಸಿ.

ಇನ್ನು ಘಟ್ಟ. ಪಡುವಣದ ಗಾಳಿ ಘಟ್ಟವನ್ನು ಹತ್ತಿ ನೆತ್ತಿ ದಾಟಿದ ಮೇಲೆ ಮೂಡಣ ಮಗ್ಗುಲಲ್ಲಿ ಕೆಳಕ್ಕೆ ಧುಮುಕುತ್ತದೆ, ಸುರುಳಿ ಸುತ್ತುತ್ತದೆ. ತೂಬಿನಿಂದ ಬಿದ್ದ ನೀರು ಬುಡದಲ್ಲಿ ಹೊರಳಾಡುವ ಹಾಗೆ. ಬಯಲುಸೀಮೆಯಿಂದ ಹೋಗುವ ನಾವು ಮೊದಲು ತಲುಪುವುದೇ ಆ ಕೆಟ್ಟ ಮಗ್ಗುಲನ್ನು.

ಒಂದು ಸೆಪ್ಟೆಂಬರ್ ಬೆಳಿಗ್ಗೆ, ಆಕಾಶ ತೊಳೆದಿಟ್ಟಂತಿತ್ತು. ಪಕ್ಕದಲ್ಲಿ ಸಕಲೇಶಪುರದ ಕಾಫಿ ಬೆಳೆಗಾರ ಗೆಳೆಯ. ತೋಟವನ್ನು ಮೇಲಿನಿಂದ ನೋಡಬೇಕೆಂಬುದು ಅವನ ಹತ್ತು ವರ್ಷದ ಆಸೆ. ಆಲೂರು ದಾಟಿದ ಮೇಲೆ ದೂರದ ಗುಡ್ಡದ ಮೇಲೆ ಅಲ್ಲಾಡದ ಒಂದು ಮೋಡ ಟೋಪಿಯಂತೆ ಕೂತಿತ್ತು. ಸುತ್ತ ಗಾಳಿ ಓಡುತ್ತಿರುವಾಗ ಮೋಡ ನಿಂತಲ್ಲೇ ನಿಂತಿದೆ ಅಂದರೆ ಅಲ್ಲಿ ಗಾಳಿ ಹತ್ತಿ ಇಳಿಯುತ್ತಿದೆ ಎಂದೇ ಅರ್ಥ. ಗೊತ್ತಿತ್ತು, ಆದರೂ ಎರಡು ನಿಮಿಷ ಮುಂದೆ ಹೋದೆ. ಸೀಟಿನಡಿಯಿಂದ ನೀರಿನ ಬಾಟಲಿ ಹೊರಬಂದು ಪೆಡಲ್ ಕಡೆ ಉರುಳಿತು. ಪೂರ್ತಿ ಥ್ರಾಟಲ್, ಮೂತಿ ಏರುವ ಭಂಗಿಯಲ್ಲಿ, ಮುಳ್ಳು ಮಾತ್ರ ನಿಮಿಷಕ್ಕೆ 700 ಅಡಿ ಕೆಳಕ್ಕೆ ತೋರಿಸುತ್ತಿತ್ತು. ‘ಇನ್ನೊಂಚೂರು ಹೋದ್ರೆ ನಮ್ ತೋಟ ಕಣೋ’ ಅಂದ ಅವನು. ‘ಮೊದ್ಲು ಬಾಟ್ಲಿ ಎತ್ಕೊಳೋ ಮಾರಾಯ’ ಅಂದು ಮೂಡಣಕ್ಕೆ ತಿರುಗಿದೆ. ಒಂದು ನಿಮಿಷದಲ್ಲಿ ಮುಳ್ಳು ಮೇಲಕ್ಕೆ ಬಂತು. ಅವನು ಈಗಲೂ ತೋಟ ನೋಡಿಲ್ಲ, ಮದುವೆ ಮನೆಗಳಲ್ಲಿ ಇದನ್ನೇ ಹೇಳಿಕೊಂಡು ತಿರುಗುತ್ತಾನೆ.

ನಿಯಮ ಇಷ್ಟು. ನೆತ್ತಿಯಲ್ಲಿ ಗಾಳಿ 20 ನಾಟ್ ದಾಟಿದರೆ ಗುಡ್ಡದ ಗೊಡವೆ ಬೇಡ. ಅದಕ್ಕಿಂತ ಕಡಿಮೆ ಇದ್ದರೂ ನೆತ್ತಿಗಿಂತ 2,000 ಅಡಿ ಮೇಲಿರಿ. 1,930 ಮೀಟರಿನ ಮುಳ್ಳಯ್ಯನಗಿರಿಗೆ ಇದರರ್ಥ 8,300 ಅಡಿಗೂ ಹೆಚ್ಚು, ಚಿಕ್ಕಮಗಳೂರಿನ ಬಿಸಿಲಲ್ಲಿ ಅಲ್ಲಿಗೆ ಏರುವ ಹೊತ್ತಿಗೆ ನಿಮ್ಮ ತಾಳ್ಮೆಯೇ ಮುಗಿಯುತ್ತದೆ. ಗುಡ್ಡದ ಸಾಲಿಗೆ ನೇರ ಮುಖ ಮಾಡದೆ 45 ಡಿಗ್ರಿ ಓರೆಯಲ್ಲಿ ಹೋಗಿ, ಆಗ ಹಿಂದಿರುಗಲು ಸಣ್ಣ ತಿರುವು ಸಾಕು. ಇಳಿಗಾಳಿಗೆ ಸಿಕ್ಕರೆ ಮೂತಿ ಎಳೆಯಬೇಡಿ. ಪೂರ್ತಿ ಶಕ್ತಿ ಕೊಟ್ಟು ತಗ್ಗಿನ ಕಡೆಗೆ ತಿರುಗಿ.

ಎಂಟನೇ ಹೆಜ್ಜೆ: ಇಳಿಯುವುದು

ಇಲ್ಲೇ ಜಾಸ್ತಿ ಹೊತ್ತು ನಿಲ್ಲಬೇಕು.

ಮೊದಲು ತಿರುವಿನ ಅಪಾಯ. ಬೇಸ್‌ನಲ್ಲಿ (ರನ್‌ವೇಗೆ ಅಡ್ಡವಾಗಿ ಹಾರುವ ಹಾದಿ) ಹಿಂಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ವಿಮಾನ ಬೇಗ ಓಡಿಬಿಡುತ್ತದೆ, ಫೈನಲ್‌ಗೆ (ರನ್‌ವೇಗೆ ನೇರವಾದ ಕೊನೆಯ ಹಾದಿ) ತಿರುಗುವ ಹೊತ್ತಿಗೆ ರನ್‌ವೇ ರೇಖೆ ದಾಟಿ ಹೋಗಿರುತ್ತೀರಿ. ಆಗ ಕೈ ತಾನಾಗಿಯೇ ರೆಕ್ಕೆಯನ್ನು ಇನ್ನೂ ವಾಲಿಸುತ್ತದೆ, ಕಾಲು ತಾನಾಗಿಯೇ ರಡ್ಡರ್ ಒತ್ತಿ ಮೂತಿ ಎಳೆಯುತ್ತದೆ. ಕಡಿಮೆ ವೇಗ, ಕಡಿಮೆ ಎತ್ತರ, ಹೆಚ್ಚು ವಾಲು, ಅಡ್ಡ ರಡ್ಡರ್: ವಿಮಾನ ಒಂದು ರೆಕ್ಕೆಯ ಮೇಲೆ ಮಗುಚಿಕೊಳ್ಳಲು ಬೇಕಾದ್ದೆಲ್ಲ ಕೂಡಿಬಂತು. ಬೇಗ ತಿರುಗಲು ಶುರುಮಾಡಿ; ದಾಟಿ ಹೋದರೆ ಹೋಯಿತು, ಥ್ರಾಟಲ್ ತಳ್ಳಿ ಮತ್ತೊಂದು ಸುತ್ತು ಬನ್ನಿ.

ಇಳಿದು ಬರುವ ವೇಗಕ್ಕೆ ನುಗ್ಗಿನ ಹೆಚ್ಚಳದ ಅರ್ಧ ಸೇರಿಸಿ. 15ರಿಂದ 25ಕ್ಕೆ ಏರುವ ಗಾಳಿಯಲ್ಲಿ ವ್ಯತ್ಯಾಸ 10, ಅದರ ಅರ್ಧ 5. ಎಂದಿನ 65ರ ಬದಲು 70. ‘ಇರಲಿ ಬಿಡಿ’ ಎಂದು 80ಕ್ಕೆ ಬಂದರೆ ವಿಮಾನ ಕೂರುವುದೇ ಇಲ್ಲ, ರನ್‌ವೇ ಉದ್ದಕ್ಕೂ ತೇಲುತ್ತಾ ಅಡ್ಡಗಾಳಿಗೆ ಹೆಚ್ಚು ಹೊತ್ತು ಮೈಯೊಡ್ಡಿರುತ್ತದೆ. ಫ್ಲಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದೆ ಇಳಿಬಿಡುವ ಪಟ್ಟಿ) ಪೂರ್ತಿ ಬೇಡ. ರನ್‌ವೇ ಉದ್ದಕ್ಕೆ ಸಾಕಾಗುವಷ್ಟೇ ಇಳಿಸಿ.

ಇಲ್ಲೂ ಗಾಳಿ ಎಡದಿಂದಲೇ ಎಂದುಕೊಂಡು, ಏಡಿಯ ಓರೆಯಲ್ಲೇ ಫೈನಲ್ ಇಳಿದು ಬನ್ನಿ. ಸುಮಾರು 200 ಅಡಿಯಲ್ಲಿ, ಕಲಿಯುವವರಾದರೆ ಇನ್ನೂ ಮೊದಲೇ, ಬಲಗಾಲಿನಿಂದ ರಡ್ಡರ್ ಒತ್ತಿ ಮೂತಿಯನ್ನು ನಡುಗೆರೆಗೆ ನೇರ ಮಾಡಿ. ಈಗ ಗಾಳಿ ನಿಮ್ಮನ್ನು ಬಲಕ್ಕೆ ತಳ್ಳುತ್ತದೆ. ಎಡ ರೆಕ್ಕೆ ತಗ್ಗಿಸಿ ಅದನ್ನು ತಡೆಯಿರಿ. ಕೆಲಸದ ಹಂಚಿಕೆ ನೆನಪಿಡಿ: ಮೂತಿ ನೇರ ಇಡುವುದು ಕಾಲಿನದು, ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳುವುದು ಕೈಯದು. ಒಬ್ಬರ ಕೆಲಸ ಇನ್ನೊಬ್ಬರು ಮಾಡಹೋದರೆ ಕೆಟ್ಟಿತು. ಬಲಗಾಲು ಕೊನೆಯವರೆಗೂ ಒತ್ತಿಯೂ ಮೂತಿ ನೇರವಾಗದಿದ್ದರೆ ಆ ಗಾಳಿ ಆ ವಿಮಾನಕ್ಕೆ ಮೀರಿದ್ದು. ವಾಪಸ್ ಏರಿ, ಬೇರೆ ರನ್‌ವೇ ಇರುವ ಕಡೆ ಹೋಗಿ.

ಕೊನೆಯ 50 ಅಡಿಯಲ್ಲಿ ನೆಲದ ಹತ್ತಿರ ಗಾಳಿ ಸತ್ತು ವೇಗ ತಟ್ಟನೆ ಇಳಿಯಬಹುದು, ಅದಕ್ಕೇ ಥ್ರಾಟಲನ್ನು ಮೊದಲೇ ಪೂರ್ತಿ ಎಳೆಯಬಾರದು. ಎಡಗಡೆಯ ಚಕ್ರ ಮೊದಲು ಮುಟ್ಟಲಿ, ಆಮೇಲೆ ಬಲಗಡೆಯದು, ಕೊನೆಗೆ ಮೂಗಿನದು. ಒಂದೇ ಚಕ್ರದ ಮೇಲೆ ಕೂತದ್ದು ತಪ್ಪಲ್ಲ, ಸರಿಯಾದದ್ದೇ ಅದು.

ನಾನು ಹೊಡೆಸಿಕೊಂಡದ್ದು ಮುಟ್ಟಿದ ಮೇಲೆ. ಮೂರೂ ಚಕ್ರ ಕೂತವು, ಅಬ್ಬಾ ಎಂದು ಕೈ ಸಡಿಲ ಬಿಟ್ಟೆ. ಎಡ ರೆಕ್ಕೆ ಎದ್ದಿತು, ವಿಮಾನ ಬಲಗಾಲಿನ ಮೇಲೆ ಕುಂಟುತ್ತಾ ರನ್‌ವೇ ಅಂಚಿನ ಹುಲ್ಲಿನತ್ತ ಹೊರಟಿತು. ‘ಕೈ! ಕೈ! ಇನ್ನೂ ಹಾರ್ತಾ ಇದೆ ಅದು!’ ಎಂದು ಸಾಹೇಬರು ಯೋಕನ್ನು ಎಡಕ್ಕೆ ತಿರುಚಿದರು. ಹುಲ್ಲಿಗೆ ಎರಡು ಮಾರು ಉಳಿದಿತ್ತು. ಏರುವಾಗ ಐಲರಾನ್ ಕ್ರಮೇಣ ಕಡಿಮೆ ಮಾಡುತ್ತೀರಿ, ಇಳಿದ ಮೇಲೆ ಕ್ರಮೇಣ ಹೆಚ್ಚಿಸಬೇಕು. ನಿಲ್ಲುವ ಹೊತ್ತಿಗೆ ಯೋಕ್ ಪೂರ್ತಿ ಗಾಳಿಯ ಕಡೆಗೆ ಇರಬೇಕು.

ಒಂಬತ್ತನೇ ಹೆಜ್ಜೆ: ಕಟ್ಟಿಹಾಕುವುದು

ಮೂತಿ ಗಾಳಿಗೆ ಎದುರಾಗಿ ನಿಲ್ಲಿಸಿ. ಯೋಕಿಗೆ ಲಾಕ್ ಹಾಕಿ, ಮುಖ್ಯ ಚಕ್ರಗಳಿಗೆ ಹಿಂದೆ ಮುಂದೆ ಚಾಕ್ (ಉರುಳದಂತೆ ತಡೆಯುವ ತುಂಡು) ಇಡಿ. ಎರಡೂ ರೆಕ್ಕೆಗೆ, ಬಾಲಕ್ಕೆ ಹಗ್ಗ. ತೀರಾ ಸಡಿಲ ಬಿಟ್ಟರೆ ನುಗ್ಗಿಗೆ ವಿಮಾನ ಜಗ್ಗಿ ಜಗ್ಗಿ ಗಂಟು ಬಿಚ್ಚಿಕೊಳ್ಳುತ್ತದೆ; ತೆಂಗಿನ ನಾರಿನ ಹಗ್ಗವಾದರೆ ಮಳೆಗೆ ನೆನೆದು ಬಿಗಿದು ರೆಕ್ಕೆಯನ್ನೇ ಎಳೆಯುತ್ತದೆ, ಹಾಗಾಗಿ ನೈಲಾನ್ ಹಗ್ಗ ಇಟ್ಟುಕೊಳ್ಳಿ. ಹಗ್ಗ ಹಿಡಿದೆಳೆದರೆ ಒಂದಂಗುಲ ಆಡುವಷ್ಟು ಇರಲಿ. ಕಾರಿಗೆ ಹೊರಡುವ ಮೊದಲು ಮೂರೂ ಗಂಟನ್ನು ಇನ್ನೊಮ್ಮೆ ಕೈಯಿಂದ ಮುಟ್ಟಿ ನೋಡಿ.